ಬೈಕ್ ಬಿದ್ದ ಮೇಲೆ ಗೇರ್ ಬೀಳುತ್ತಿಲ್ಲವೇ? ಮೊದಲು ಲಿವರ್ ಬಿಚ್ಚಿ

ಪಾಚಿ ಕಟ್ಟಿದ ಅಂಗಳದಲ್ಲಿ ಬೈಕ್ ಜಾರಿ ಎಡಕ್ಕೆ ಮಲಗುವುದು ಮಲೆನಾಡಿನ ಮಳೆಗಾಲದಲ್ಲಿ ಹೊಸ ಸಂಗತಿಯಲ್ಲ. ವೇಗವಿರುವುದಿಲ್ಲ, ಗಾಯವೂ ಆಗಿರುವುದಿಲ್ಲ. ಎತ್ತಿ ನಿಲ್ಲಿಸಿ, ಕೆಸರು ಒರೆಸಿ ಹೊರಟರೆ ಗೇರ್ ಮಾತ್ರ ಬೀಳುವುದಿಲ್ಲ. ಬಗ್ಗಿ ನೋಡಿದರೆ ಗೇರ್ ಲಿವರ್ ಒಳಕ್ಕೆ ಬಾಗಿ ಎಂಜಿನ್ ಕವರಿಗೆ ಒರಗಿ ನಿಂತಿರುತ್ತದೆ.

ಮುಂದಿನ ತಪ್ಪನ್ನು ನಾನು ಹಲವು ಸಲ ಕಣ್ಣಾರೆ ಕಂಡಿದ್ದೇನೆ. ಯಾರೋ ಒಬ್ಬರು ಕಬ್ಬಿಣದ ಪೈಪು ಹುಡುಕಿ ತಂದು ಲಿವರಿಗೆ ತೂರಿಸಿ ಹೊರಕ್ಕೆ ಎಳೆಯುತ್ತಾರೆ. ಪೈಪು ಸಿಗದಿದ್ದರೆ ಸುತ್ತಿಗೆ. ಕಳೆದ ಆಷಾಢದಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಹೀಗೆಯೇ ಎರಡು ನಿಮಿಷದಲ್ಲಿ ಲಿವರ್ ನೆಟ್ಟಗೆ ಮಾಡಿದ. ಮರುದಿನ ಬೆಳಿಗ್ಗೆ ಬೈಕಿನ ಕೆಳಗೆ ಅಂಗೈಯಗಲ ಎಣ್ಣೆ ಬಿದ್ದಿತ್ತು. ಲಿವರ್ ನೆಟ್ಟಗಾಗಿತ್ತು, ಅದನ್ನು ಹಿಡಿದಿದ್ದ, ಎಂಜಿನ್ನಿನ ಒಳಗಿನಿಂದ ಬರುವ ಗೇರ್ ಶಾಫ್ಟ್ ಸೊಟ್ಟಗಾಗಿತ್ತು. ಕೆಲವು ನೂರು ರೂಪಾಯಿಯ ಲಿವರ್ ಉಳಿಸಲು ಹೋಗಿ ಎಂಜಿನ್ನಿನ ಬಲಭಾಗ ಬಿಚ್ಚಬೇಕಾಯಿತು. ಆದ್ದರಿಂದ ಹೇಳುತ್ತೇನೆ: ಬೈಕಿನ ಮೇಲೆ ಇರುವಾಗ ಲಿವರನ್ನು ಎಂದಿಗೂ ನೆಟ್ಟಗೆ ಮಾಡಬೇಡಿ. ಬಿಚ್ಚಿ, ಆಮೇಲೆ ಮುಟ್ಟಿ.

1. ಎತ್ತಿ, ನಿಲ್ಲಿಸಿ, ಕಾಯಿರಿ

ಕೀ ಆಫ್ ಮಾಡಿ ಬೈಕ್ ಎತ್ತಿ, ಗಟ್ಟಿ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಪೆಟ್ರೋಲ್ ಸೋರಿದ್ದರೆ ಆರುವವರೆಗೆ ಬಿಡಿ.

2. ಕ್ಲಚ್ಚಿನ ತಪ್ಪನ್ನು ಗೇರಿನ ಮೇಲೆ ಹೊರಿಸಬೇಡಿ

ಎಡಕ್ಕೆ ಬಿದ್ದ ಬೈಕಿನಲ್ಲಿ ಕ್ಲಚ್ ಲಿವರಿಗೂ ಏಟು ಬಿದ್ದಿರುತ್ತದೆ. ಅದು ಬಾಗಿ, ಪೂರ್ತಿ ಎಳೆಯುವ ಮೊದಲೇ ಹ್ಯಾಂಡಲ್ ಹಿಡಿಗೆ ತಾಗಿದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಆಗ ಗೇರ್ ಗಡುಸಾಗುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಎಂಜಿನ್ ಆಫ್ ಇರುವಾಗ ಬೈಕನ್ನು ಗೇರಿನಲ್ಲಿಟ್ಟು, ಸ್ಟ್ಯಾಂಡಿನಿಂದ ಇಳಿಸಿ, ಕ್ಲಚ್ ಹಿಡಿದು ತಳ್ಳಿ ನೋಡಿ. ಸಲೀಸಾಗಿ ಉರುಳಿದರೆ ಕ್ಲಚ್ ಸರಿಯಿದೆ. ಉರುಳದೆ ಬಿಗಿಯಾಗಿ ತಡೆದು ನಿಂತರೆ ಮೊದಲು ಕ್ಲಚ್ಚನ್ನು ಸರಿಪಡಿಸಿ. ದಿನಬಳಕೆಯ ಬಹುತೇಕ ಕಮ್ಯೂಟರ್ ಬೈಕುಗಳಲ್ಲಿ ಕ್ಲಚ್ ಲಿವರ್ ತುದಿಯ ಸಡಿಲ, ಅಂದರೆ ಬಿಗಿ ಸಿಗುವ ಮೊದಲು ಅದು ಖಾಲಿ ಆಡುವ ದೂರ, 10ರಿಂದ 20 ಮಿಲಿಮೀಟರ್ ಇರಬೇಕು. ನಿಮ್ಮ ಬೈಕಿನ ನಿಖರ ಅಳತೆ ಅದರ ಕೈಪಿಡಿಯಲ್ಲಿರುತ್ತದೆ. ಬಾಗಿದ ಕ್ಲಚ್ ಲಿವರನ್ನು ಮಾತ್ರ ನೆಟ್ಟಗೆ ಮಾಡಲು ಹೋಗದೆ ಹೊಸದು ಹಾಕಿ. ಅದು ಎರಕದ ಅಲ್ಯೂಮಿನಿಯಂ. ಇಂದು ನೆಟ್ಟಗಾದಂತೆ ಕಂಡರೂ ನಾಳೆ ಇಳಿಜಾರಿನಲ್ಲಿ ಕೈಯಲ್ಲೇ ಮುರಿದು ಬರುತ್ತದೆ.

3. ಲಿವರ್ ಬಿಚ್ಚುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಸೀಮೆಎಣ್ಣೆಯಿಂದ ಶಾಫ್ಟಿನ ತುದಿಯನ್ನು ತೊಳೆಯಿರಿ. ಕೆಸರು ಹೋದ ಮೇಲೆ ಶಾಫ್ಟಿನ ಸುತ್ತ ಸಣ್ಣ ಹಲ್ಲುಗಳು, ಆ ಹಲ್ಲುಗಳನ್ನು ಕಚ್ಚಿ ಹಿಡಿದಿರುವ ಲಿವರಿನ ಸೀಳು, ಸೀಳನ್ನು ಬಿಗಿದಿರುವ ಒಂದು ಬೋಲ್ಟ್ ಕಾಣುತ್ತವೆ. ಶಾಫ್ಟಿನ ತುದಿಯಲ್ಲಿ ಚುಕ್ಕೆ ಗುರುತು ಇದ್ದರೆ ಅದು ಸೀಳಿಗೆ ಎಲ್ಲಿ ಹೊಂದಿದೆ ಎಂದು ನೋಡಿಕೊಳ್ಳಿ. ಇಲ್ಲವಾದರೆ ಶಾಫ್ಟ್ ಮತ್ತು ಲಿವರ್ ಎರಡರ ಮೇಲೂ ಒಂದೇ ಗೆರೆ ಬರುವಂತೆ ಬಿಳಿ ಪೇಂಟ್ ಅಥವಾ ಉಗುರುಬಣ್ಣ ಹಚ್ಚಿ. ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಕು ಎನ್ನುವವರಿದ್ದಾರೆ. ಫೋಟೊದಲ್ಲಿ ಒಂದು ಹಲ್ಲಿನ ವ್ಯತ್ಯಾಸ ಗೊತ್ತಾಗುವುದಿಲ್ಲ, ಗುರುತನ್ನೇ ಹಾಕಿ.

ಬಹಳಷ್ಟು ಬೈಕುಗಳಲ್ಲಿ ಈ ಬೋಲ್ಟಿಗೆ 10ನೇ ನಂಬರ್ ಸ್ಪ್ಯಾನರ್ ಬೇಕು. ರಿಂಗ್ ಸ್ಪ್ಯಾನರನ್ನೇ ಬಳಸಿ. ಸಂತೆಯಲ್ಲಿ ಸಿಗುವ ಅಗ್ಗದ, ಬಾಯಿ ತೆರೆದ ಡಿ ಸ್ಪ್ಯಾನರಿನ ಬಾಯಿ ಅಗಲವಾಗಿ ಬೋಲ್ಟಿನ ಮೂಲೆಗಳನ್ನು ಸವೆಸುತ್ತದೆ, ಇಕ್ಕಳವಂತೂ ಬೇಡವೇ ಬೇಡ. ಇನ್ನೊಂದು ಮುಖ್ಯ ಮಾತು: ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಅನೇಕ ಬೈಕುಗಳಲ್ಲಿ ಅದು ಶಾಫ್ಟಿನಲ್ಲಿ ಕೊರೆದಿರುವ ತೋಡಿನ ಮೂಲಕ ಹಾದು ಹೋಗಿರುತ್ತದೆ. ಅರ್ಧ ಬಿಚ್ಚಿ ಎಷ್ಟು ಎಳೆದರೂ ಲಿವರ್ ಬರುವುದಿಲ್ಲ. ಬರಲಿಲ್ಲವೆಂದು ಹಿಂದಿನಿಂದ ಸುತ್ತಿಗೆಯಲ್ಲಿ ಬಡಿದರೆ ಆ ಏಟೆಲ್ಲ ಎಂಜಿನ್ನಿನ ಒಳಕ್ಕೆ ಹೋಗುತ್ತದೆ.

ಬೋಲ್ಟ್ ತೆಗೆದ ಮೇಲೂ ಅಲುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಲು ಗಂಟೆ ಬಿಡಿ. ಬಳಿಕ ಚಪ್ಪಟೆ ಸ್ಕ್ರೂಡ್ರೈವರನ್ನು ಸೀಳಿನೊಳಗೆ ಇಟ್ಟು ಕೂದಲೆಳೆಯಷ್ಟು ಅಗಲಿಸಿ, ಎರಡೂ ಕೈಯಿಂದ ನೇರ ಹೊರಕ್ಕೆ ಎಳೆಯಿರಿ. ಅತ್ತಿತ್ತ ತಿರುಚಬೇಡಿ.

ಲಿವರಿಗೂ ಶಾಫ್ಟಿಗೂ ನಡುವೆ ರಾಡ್ ಇರುವ ಬೈಕುಗಳಲ್ಲಿ ಮೊದಲು ರಾಡನ್ನೇ ನೋಡಿ. ಎಷ್ಟೋ ಸಲ ಬಾಗಿರುವುದು ಅದೊಂದೇ. ರಾಡಿನ ಎರಡು ತುದಿಗಳಲ್ಲಿ ಒಂದಕ್ಕೆ ಸಾಮಾನ್ಯವಾಗಿ ಎಡಸುತ್ತಿನ ಥ್ರೆಡ್ ಇರುತ್ತದೆ. ಲಾಕ್ ನಟ್ ಬಿಚ್ಚಿಕೊಳ್ಳದಿದ್ದರೆ ಬಲ ಹಾಕುವ ಮೊದಲು ಉಲ್ಟಾ ತಿರುಗಿಸಿ ನೋಡಿ.

4. ಶಾಫ್ಟಿನ ಪರೀಕ್ಷೆ

ಲಿವರ್ ಕೈಗೆ ಬಂದ ಕೂಡಲೇ ಅದನ್ನು ರಿಪೇರಿ ಮಾಡಲು ಓಡಬೇಡಿ. ಶಾಫ್ಟ್ ನೋಡಿ. ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿರುವ ತ್ರಿಕೋನ ಪಟ್ಟಿಯ ಒಂದು ಅಂಚನ್ನು ಎಣ್ಣೆ ಸೀಲಿನ (ಶಾಫ್ಟಿನ ಸುತ್ತ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ) ಪಕ್ಕದ ಮಟ್ಟಸ ಜಾಗಕ್ಕೆ ಒತ್ತಿ, ಇನ್ನೊಂದು ಅಂಚನ್ನು ಶಾಫ್ಟಿಗೆ ತಾಗಿಸಿ. ಒಮ್ಮೆ ಮೇಲಿನಿಂದ, ಒಮ್ಮೆ ಹಿಂದಿನಿಂದ ನೋಡಿ. ನಡುವೆ ಬೆಳಕು ಬೆಣೆಯಾಕಾರದಲ್ಲಿ ಕಂಡರೆ ಶಾಫ್ಟ್ ಬಾಗಿದೆ. ಸೀಲಿನ ತುಟಿ ಒಂದು ಕಡೆ ಒತ್ತಿ, ಮತ್ತೊಂದು ಕಡೆ ಬಿಟ್ಟುಕೊಂಡಿದ್ದರೂ ಅದೇ ಅರ್ಥ.

ಎರಡನೆಯ ಪರೀಕ್ಷೆಗೆ ಮೆಕ್ಯಾನಿಕ್ ಬಳಿ ಹಳೆಯದಾದರೂ ನೆಟ್ಟಗಿರುವ ಲಿವರ್ ಸಿಕ್ಕರೆ ತಂದು ಹಾಕಿ. ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಗೇರ್ ಒತ್ತಿ. ಚಕ್ರ ತಿರುಗದಿದ್ದರೆ ಒಳಗಿನ ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಇದು ತಿಳಿಯದೆ ನಿಂತ ಬೈಕಿನ ಗೇರನ್ನು ತುಳಿದು ತುಳಿದು ಗೇರ್ ಬಾಕ್ಸೇ ಹೋಯಿತೆಂದು ಗಾಬರಿಯಾದವರು ಬಹಳ. ಪ್ರತಿ ಸಲ ಒತ್ತಿ ಬಿಟ್ಟಾಗಲೂ ಲಿವರ್ ಟಕ್ಕೆಂದು ತನ್ನ ಜಾಗಕ್ಕೆ ಮರಳಬೇಕು. ತೂಕಡಿಸುವವರ ಹಾಗೆ ನಿಧಾನ ಬಂದರೆ ಶಾಫ್ಟ್ ಎಲ್ಲೋ ಉಜ್ಜುತ್ತಿದೆ. ಮರಳದೇ ಉಳಿದರೆ ಒಳಗಿನ ಸ್ಪ್ರಿಂಗ್ ಜರುಗಿರಬಹುದು. ಇವೆರಡರಲ್ಲಿ ಯಾವುದಾದರೂ ಒಂದು ಕಂಡುಬಂದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು, ಬೈಕನ್ನು ನಂಬಿಕೆಯ ಮೆಕ್ಯಾನಿಕ್ ಕೈಗೆ ಕೊಡಿ. ಅನೇಕ ಬೈಕುಗಳಲ್ಲಿ ಈ ಶಾಫ್ಟ್ ಬಲಗಡೆಯಿಂದ, ಕ್ಲಚ್ ಕಳಚಿದ ಮೇಲೆ ಹೊರಬರುತ್ತದೆ. ಅಂಗಳದಲ್ಲಿ ಕುಳಿತು ಮಾಡುವ ಕೆಲಸ ಅದಲ್ಲ.

5. ಲಿವರ್ ನೆಟ್ಟಗೆ ಮಾಡುವುದು

ಉಕ್ಕಿನ ಲಿವರ್ ಆದರೆ ಮಾತ್ರ. ಅಯಸ್ಕಾಂತ ಅಂಟದಿದ್ದರೆ ಅದು ಅಲ್ಯೂಮಿನಿಯಂ, ಹೊಸದು ಕೊಳ್ಳಿ. ಉಕ್ಕಿನದಾದರೆ, ವಸ್ತುವನ್ನು ಬಿಗಿದು ಹಿಡಿಯುವ ವೈಸಿನ ಎರಡು ದವಡೆಗೂ ಮರದ ತುಂಡು ಕೊಟ್ಟು, ಬಾಗಿದ ಜಾಗದ ಪಕ್ಕದಲ್ಲೇ ಕಚ್ಚಿಸಿ. ಸೀಳಿರುವ ತುದಿಯನ್ನು ವೈಸಿಗೆ ಕೊಡಲೇಬಾರದು, ಅದು ಅಮುಕಿದರೆ ಮತ್ತೆ ಶಾಫ್ಟಿಗೆ ಕೂರುವುದಿಲ್ಲ. ಇನ್ನೊಂದು ತುದಿಗೆ ಪೈಪು ತೂರಿಸಿ ನಿಧಾನವಾಗಿ ಎಳೆಯಿರಿ. ಉಕ್ಕು ಸ್ವಲ್ಪ ಹಿಂದಕ್ಕೆ ಬರುವುದರಿಂದ ಬೇಕಾದ್ದಕ್ಕಿಂತ ಒಂದೆಳೆ ಹೆಚ್ಚು ಎಳೆಯಬೇಕು. ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿದರೆ ಬೇಗ ಆಗುತ್ತದೆ ನಿಜ, ಆದರೆ ಕ್ರೋಮ್ ಸುಲಿದು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ನೆಟ್ಟಗಾದ ಮೇಲೆ ಬಿರುಕು ಬಿಟ್ಟಿದೆಯೇ ನೋಡಬೇಕು. ಬಾಗಿದ್ದ ಜಾಗಕ್ಕೆ ಸೀಮೆಎಣ್ಣೆ ಸವರಿ ಐದು ನಿಮಿಷ ಬಿಟ್ಟು, ಬಟ್ಟೆಯಿಂದ ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಹೊರಬಂದು ಬಿಳಿ ಸುಣ್ಣದ ಮೇಲೆ ಕೂದಲಿನಂಥ ಒದ್ದೆ ಗೆರೆ ಮೂಡುತ್ತದೆ. ಗೆರೆ ಕಂಡ ಲಿವರನ್ನು ಗುಜರಿಗೆ ಹಾಕಿ. ಎರಡನೇ ಸಲ ಬಾಗಿದ್ದನ್ನೂ ನಾನು ಇಟ್ಟುಕೊಳ್ಳುವುದಿಲ್ಲ.

ಹೊಸದು ಕೊಳ್ಳುವಾಗ ಕಂಪನಿಯ ಅಸಲಿ ಭಾಗವನ್ನೇ ಕೇಳಿ. ನಕಲಿ ಲಿವರುಗಳಲ್ಲಿ ಒಳಗಿನ ಹಲ್ಲುಗಳು ಆಳವಾಗಿರುವುದಿಲ್ಲ, ತಿಂಗಳೊಳಗೆ ಸವೆದು ಶಾಫ್ಟಿನ ಹಲ್ಲುಗಳನ್ನೂ ತಿನ್ನುತ್ತವೆ. ಆಮೇಲೆ ಯಾರಾದರೂ ‘ಲಿವರನ್ನು ಶಾಫ್ಟಿಗೆ ವೆಲ್ಡಿಂಗ್ ಮಾಡಿಬಿಡೋಣ’ ಎನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಆ ಬಿಸಿಗೆ ಎಣ್ಣೆ ಸೀಲ್ ಸುಟ್ಟುಹೋಗುತ್ತದೆ, ಮುಂದೆ ಕವರ್ ಬಿಚ್ಚಬೇಕಾದಾಗ ಲಿವರನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

6. ಮತ್ತೆ ಕೂರಿಸುವುದು

ಗುರುತಿಗೆ ಗುರುತು ಹೊಂದಿಸಿ, ಬೋಲ್ಟಿನ ತೂತು ಶಾಫ್ಟಿನ ತೋಡಿಗೆ ನೇರ ಬರುವವರೆಗೆ ಲಿವರನ್ನು ಒಳಕ್ಕೆ ಸರಿಸಿ. ಬೋಲ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ. ಅದು ಸಣ್ಣ ಬೋಲ್ಟ್, ಗಿಡ್ಡ ಸ್ಪ್ಯಾನರಿನಲ್ಲಿ ಒಂದು ಕೈಯಿಂದ ಬಿಗಿದರೆ ಸಾಕು. ಸ್ಪ್ಲೆಂಡರಿನಂಥ ಬೈಕಿನಲ್ಲಿ ಹಿಮ್ಮಡಿಯ ತುದಿಯನ್ನೂ ಒತ್ತಿ ನೋಡಲು ಮರೆಯಬೇಡಿ. ಅದರಲ್ಲಿ ನಾಲ್ಕೂ ಗೇರುಗಳು ಮುಂದೆ ಒತ್ತಿದರೆ ಬೀಳುತ್ತವೆ, ಇಳಿಸುವುದು ಹಿಮ್ಮಡಿಯಿಂದ. ಹಿಂದಿನ ತುದಿ ಬಾಗಿದ ಫುಟ್‌ರೆಸ್ಟಿಗೆ ತಾಗುತ್ತಿದ್ದರೆ ಏರಿಸಿದ ಗೇರ್ ಇಳಿಯುವುದಿಲ್ಲ. ಲಿವರ್ ಎತ್ತ ಆಡಿದರೂ ಕವರಿಗೂ ಅದಕ್ಕೂ ನಡುವೆ ಕಿರುಬೆರಳು ತೂರುವಷ್ಟು ಜಾಗ ಇರಲಿ.

ಊರೊಳಗೆ ಒಂದು ಸುತ್ತು ಹೋಗಿ, ಎಲ್ಲ ಗೇರುಗಳನ್ನೂ ಏರಿಸಿ ಇಳಿಸಿ ಬನ್ನಿ. ಬಂದ ಮೇಲೆ ಬೋಲ್ಟನ್ನು ಇನ್ನೊಮ್ಮೆ ಮುಟ್ಟಿ ನೋಡಿ. ರಾತ್ರಿ ಗೇರ್ ಶಾಫ್ಟಿನ ನೇರ ಕೆಳಗೆ ಹಳೆಯ ದಿನಪತ್ರಿಕೆ ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಒಂದೇ ಒಂದು ಎಣ್ಣೆಯ ಚುಕ್ಕೆ ಕಂಡರೂ ಆ ಹಾಳೆಯನ್ನು ಮಡಚಿಕೊಂಡು ಮೆಕ್ಯಾನಿಕ್ ಬಳಿ ಹೋಗಿ, ಸೀಲ್ ಬದಲಿಸಲು ಹೇಳಿ.