ಡೆಬಿಯನ್: ಒಂದೇ ಪ್ಯಾಕೇಜನ್ನು ‘ಸಿಡ್’ನಿಂದ ತರುವುದು, ಮತ್ತೆ ಹಳೆಯ ಆವೃತ್ತಿಗೆ ಇಳಿಸುವುದು ಹೇಗೆ?

ಗದಗಿನ ಒಂದು ಮುದ್ರಣಾಲಯದ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಆಧಾರಿತ ಡೆಬಿಯನ್ 13 (ಟ್ರಿಕ್ಸಿ) ಇದೆ, ಲಗ್ನಪತ್ರಿಕೆ ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಮ್‌ನ ಹೊಸ ಆವೃತ್ತಿ ಬೇಕಾಗಿದೆ ಎಂದಿಟ್ಟುಕೊಳ್ಳಿ. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಟ್ರಿಕ್ಸಿ ‘ಸ್ಟೇಬಲ್’, ಅಂದರೆ ಸ್ಥಿರ ಆವೃತ್ತಿ. ಅದರಲ್ಲಿನ ಪ್ಯಾಕೇಜ್‌ಗಳಿಗೆ ದೋಷದ, ಭದ್ರತೆಯ ತಿದ್ದುಪಡಿ ಬರುತ್ತವೆಯೇ ಹೊರತು ಆವೃತ್ತಿ ಸಾಮಾನ್ಯವಾಗಿ ಬದಲಾಗದು. ಹೊಸದು ಮೊದಲು ಬಂದಿಳಿಯುವುದು ಅನ್‌ಸ್ಟೇಬಲ್‌ಗೆ, ಅಂದರೆ ‘ಸಿಡ್’ಗೆ.

ಸಿಡ್‌ಗೆ ಕೈಹಾಕುವ ಮುಂಚೆ ‘ಟ್ರಿಕ್ಸಿ-ಬ್ಯಾಕ್‌ಪೋರ್ಟ್ಸ್’ ನೋಡಿ. ಟ್ರಿಕ್ಸಿಗೆಂದೇ ಮತ್ತೆ ಕಟ್ಟಿದ ಪ್ಯಾಕೇಜ್ ಅಲ್ಲಿ ಸಿಕ್ಕರೆ ಮುಂದಿನ ಉಸಾಬರಿಯೇ ಬೇಡ.

ಸಿಗಲಿಲ್ಲವೇ? ಮೊದಲು ಪಿನ್ (ಯಾವ ಮೂಲಕ್ಕೆ ಎಷ್ಟು ಆದ್ಯತೆ ಎಂಬ ನಿಯಮ) ಹಾಕಿ, ಆಮೇಲೆ ಸಿಡ್ ಸೇರಿಸಿ. ಈ ಕ್ರಮ ತಪ್ಪಿದರೆ ಟ್ರಿಕ್ಸಿ, ಸಿಡ್ ಎರಡಕ್ಕೂ 500ರ ಆದ್ಯತೆ ಸಿಗುತ್ತದೆ. ಆದ್ಯತೆ ಸಮವಿದ್ದಾಗ ಆಪ್ಟ್ (ಪ್ಯಾಕೇಜ್ ಹಾಕುವ, ತೆಗೆಯುವ ಸಾಧನ) ಹೊಸ ಆವೃತ್ತಿಯನ್ನೇ ಆರಿಸುವುದರಿಂದ ಮುಂದಿನ ಅಪ್‌ಗ್ರೇಡ್‌ಗೆ ಇಡೀ ವ್ಯವಸ್ಥೆ ಸಿಡ್ ಆಗಿಬಿಡುತ್ತದೆ. ‘ಇಟಿಸಿ/ಆಪ್ಟ್/ಪ್ರಿಫರೆನ್ಸಸ್.ಡಿ’ಯಲ್ಲಿ ಒಂದು ಕಡತ ಮಾಡಿ ಮೂರು ಸಾಲು ಬರೆಯಿರಿ (ಇವನ್ನೂ ಮುಂದಿನ ಆಜ್ಞೆಗಳನ್ನೂ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ):

ಪ್ಯಾಕೇಜ್: *
ಪಿನ್: ರಿಲೀಸ್ ಎ=ಅನ್‌ಸ್ಟೇಬಲ್
ಪಿನ್-ಪ್ರಯಾರಿಟಿ: 100

100 ಕೊಟ್ಟರೆ ಸಿಡ್‌ನಿಂದ ತಂದ ಪ್ಯಾಕೇಜ್‌ಗೆ ಅಲ್ಲಿಂದಲೇ ಅಪ್‌ಡೇಟ್ ಬರುತ್ತದೆ, ಉಳಿದವು ಟ್ರಿಕ್ಸಿಯಲ್ಲೇ ಇರುತ್ತವೆ. ಈಗ ಪ್ಯಾಕೇಜ್ ಮೂಲಗಳ ಪಟ್ಟಿ ಇರುವ ‘ಸೋರ್ಸಸ್.ಲಿಸ್ಟ್.ಡಿ’ಯಲ್ಲಿ ಸಿಡ್‌ನ ಸಾಲು ಸೇರಿಸಿ ‘ಆಪ್ಟ್ ಅಪ್‌ಡೇಟ್’ ಓಡಿಸಿ. ಹಳೆಯ ಸಾಲುಗಳಲ್ಲಿ ‘ಸ್ಟೇಬಲ್’ ಎಂದಿದ್ದರೆ ‘ಟ್ರಿಕ್ಸಿ’ ಎಂದು ತಿದ್ದಿ. ಇಲ್ಲದಿದ್ದರೆ ಡೆಬಿಯನ್ 14 ಬಂದ ಮೇಲೆ ‘ಸ್ಟೇಬಲ್’ ಎಂದರೆ ಅದೇ ಆಗಿ, ಅದರ ಪ್ಯಾಕೇಜ್‌ಗಳು ನುಗ್ಗಬಹುದು.

‘ಆಪ್ಟ್ ಪಾಲಿಸಿ ಇಂಕ್‌ಸ್ಕೇಪ್’ ಎಂದರೆ ಯಾವ ಆವೃತ್ತಿ ಎಲ್ಲಿದೆ, ಆದ್ಯತೆ ಎಷ್ಟು ಎಂಬುದು ಕಾಣುತ್ತದೆ. ನಂತರ ‘ಆಪ್ಟ್ -ಎಸ್ ಇನ್‌ಸ್ಟಾಲ್ ಇಂಕ್‌ಸ್ಕೇಪ್/ಅನ್‌ಸ್ಟೇಬಲ್’. ಇಲ್ಲಿ ‘-ಎಸ್’ ಬರೀ ತಾಲೀಮು, ಏನೂ ಬದಲಾಗದು. ಪಟ್ಟಿಯನ್ನು ಸಾವಕಾಶ ಓದಿ. ನಾಲ್ಕಾರು ಲೈಬ್ರರಿ (ಪ್ರೋಗ್ರಾಮ್‌ಗಳು ಬಳಸುವ ಸಹಾಯಕ ಪ್ಯಾಕೇಜ್) ಬಂದರೆ ಸರಿ. ‘ಲಿಬ್‌ಸಿ6’ ಹೆಸರು ಕಂಡರೆ, ಅಥವಾ ತೆಗೆದುಹಾಕುವ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಇದ್ದರೆ, ಅಲ್ಲಿಗೇ ಬಿಡಿ: ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮ್‌ಗಳೂ ನಿಂತಿರುವುದು ಲಿಬ್‌ಸಿ6 ಮೇಲೆ, ಏರಿಸಿದ ಮೇಲೆ ಅದನ್ನು ಇಳಿಸುವುದು ತಲೆನೋವು. ಪಟ್ಟಿ ಸರಿಯಿದ್ದರೆ ‘-ಎಸ್’ ತೆಗೆದು ಓಡಿಸಿ. ನಡುವೆ ಕರೆಂಟ್ ಹೋದರೆ (ಯುಪಿಎಸ್ ಇದ್ದರೆ ಒಳ್ಳೆಯದು), ಬಂದ ಮೇಲೆ ಅರ್ಧಕ್ಕೆ ನಿಂತದ್ದನ್ನು ಮುಗಿಸಲು ‘ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ.

ಹಳೆಯ ಆವೃತ್ತಿಗೆ ಇಳಿಸುವ ಕೆಲಸಕ್ಕೆ ಡೆಬಿಯನ್ ಹೊಣೆ ಹೊರುವುದಿಲ್ಲ. ಪ್ಯಾಕೇಜ್‌ಗಳ ಸ್ಕ್ರಿಪ್ಟ್‌ಗಳನ್ನು ಬರೆಯುವುದು ಏರಿಸುವುದಕ್ಕೆಂದೇ. ಒಂದೆರಡಾದರೆ ‘ಆಪ್ಟ್ ಇನ್‌ಸ್ಟಾಲ್ ಇಂಕ್‌ಸ್ಕೇಪ್/ಟ್ರಿಕ್ಸಿ’ ಸಾಕು. ಬಳಿಕ ಸಿಡ್‌ನ ಸಾಲು ಅಳಿಸಿ, ಅಪ್‌ಡೇಟ್ ಮಾಡಿ, ‘ಆಪ್ಟ್ ಲಿಸ್ಟ್ --ಇನ್‌ಸ್ಟಾಲ್ಡ್’ನಲ್ಲಿ ‘ಲೋಕಲ್’ ಎಂದಿರುವವನ್ನು ಹುಡುಕಿ. ನೀವೇ ಹೊರಗಿನಿಂದ ಹಾಕಿದ್ದನ್ನು ಬಿಟ್ಟರೆ ಉಳಿದವು ಸಿಡ್‌ನ ಪಳೆಯುಳಿಕೆ. ಅವನ್ನೂ ಹೀಗೇ ಇಳಿಸಬೇಕು. ಹೊಸ ಆವೃತ್ತಿ ಬರೆದ ಸೆಟ್ಟಿಂಗ್ಸ್ ಹಳೆಯದಕ್ಕೆ ಅರ್ಥವಾಗದಿದ್ದರೆ, ಹೋಮ್‌ನ (ನಿಮ್ಮ ಸ್ವಂತ ಕಡತಗಳಿರುವ ಜಾಗ) ‘.ಕಾನ್ಫಿಗ್/ಇಂಕ್‌ಸ್ಕೇಪ್’ ಫೋಲ್ಡರ್‌ನ ಹೆಸರು ಬದಲಿಸಿ ಮತ್ತೆ ತೆರೆಯಿರಿ.

ಲಿಬ್‌ಸಿ6 ಸಮೇತ ನೂರಾರು ಪ್ಯಾಕೇಜ್ ಏರಿಹೋಗಿದ್ದರೆ ‘ಹೋಮ್’ ನಕಲಿಟ್ಟುಕೊಂಡು ಟ್ರಿಕ್ಸಿಯನ್ನೇ ಹೊಸದಾಗಿ ಹಾಕಿ. ಅಷ್ಟನ್ನೂ ಒಂದೊಂದಾಗಿ ಇಳಿಸುತ್ತ ಕೂರುವುದಕ್ಕಿಂತ ಅದು ಬೇಗ ಮುಗಿಯುತ್ತದೆ.