ಮುಂಗಾರಿಗೆ ಮುನ್ನ ಊರಿನಲ್ಲೇ ಫ್ಲೂ ಲಸಿಕೆ: ಗ್ರಾಮ ಪಂಚಾಯಿತಿ ಶಿಬಿರ ನಡೆಸುವ ಬಗೆ

ಮಲೆನಾಡಿನಲ್ಲಿ ಫ್ಲೂ ಲಸಿಕೆಯ ಶಿಬಿರ ಯಾವಾಗ ನಡೆಯಬೇಕೆಂಬುದನ್ನು ಮಳೆ ನಕ್ಷತ್ರಗಳ ಲೆಕ್ಕದಿಂದಲೇ ನಿರ್ಧರಿಸಬಹುದು. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 7–8ಕ್ಕೆ ಮೃಗಶಿರ, 21–22ಕ್ಕೆ ಆರಿದ್ರಾ. ಆರಿದ್ರಾ ಹಿಡಿದ ಮೇಲೆ ಆಗುಂಬೆ, ಹುಲಿಕಲ್ ಸುತ್ತಿನ ಒಂಟಿ ಮನೆಗಳಿಂದ ಎಪ್ಪತ್ತು ದಾಟಿದವರನ್ನು ಕಾಲುಸಂಕ ದಾಟಿಸಿ ಪಂಚಾಯಿತಿ ಕಟ್ಟೆಗೆ ಕರೆತರುವುದು ಆಗುವ ಮಾತಲ್ಲ. ನಮ್ಮ ಭಾಗದಲ್ಲಿ ಫ್ಲೂ ವರ್ಷಕ್ಕೆ ಎರಡು ಬಾರಿ, ಅಂದರೆ ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ ಮತ್ತು ಮಳೆಗಾಲದಲ್ಲಿ ಮತ್ತೊಮ್ಮೆ, ಏರುವುದು ವಾಡಿಕೆ. ಲಸಿಕೆ ಪಡೆದ ಮೇಲೆ ದೇಹದಲ್ಲಿ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಹೀಗಾಗಿ ಮೇ ತಿಂಗಳ ಎರಡನೇ ವಾರದೊಳಗೆ ಶಿಬಿರ ಮುಗಿದಿರಬೇಕು. ಅಲ್ಲಿಂದ ಎಂಟು ವಾರ ಹಿಂದಕ್ಕೆ ಎಣಿಸಿದರೆ ತಯಾರಿ ಮಾರ್ಚ್ ಮಧ್ಯದಲ್ಲೇ ಆರಂಭವಾಗಬೇಕು.

ತಯಾರಿ ಪಂಚಾಯಿತಿಯಿಂದಲೇ ಶುರುವಾಗಬೇಕಾದುದಕ್ಕೆ ಕಾರಣವಿದೆ. ಆರೋಗ್ಯ ಕಾರ್ಯಕರ್ತರು, ಗರ್ಭಿಣಿಯರು, ವೃದ್ಧರು ಮತ್ತು ದೀರ್ಘಕಾಲದ ಕಾಯಿಲೆಯುಳ್ಳವರಿಗೆ ಫ್ಲೂ ಲಸಿಕೆ ಒಳ್ಳೆಯದೆಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಹೇಳುತ್ತದಾದರೂ ಪೋಲಿಯೊ, ದಡಾರ ಲಸಿಕೆಗಳಂತೆ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿದೊಡನೆ ಅದು ಸಿಗುವುದಿಲ್ಲ. ಖಾಸಗಿಯಾಗಿ ಕೊಂಡರೆ ನಾಲ್ಕು ತಳಿಯ (ನಾಲ್ಕು ಬಗೆಯ ಫ್ಲೂ ವೈರಾಣುಗಳ ವಿರುದ್ಧದ) ಲಸಿಕೆಯ ಒಂದು ಡೋಸ್‌ಗೆ ಸಾವಿರ ರೂಪಾಯಿಗೂ ಮೇಲ್ಪಟ್ಟ ಬೆಲೆಯಿದೆ. ಅಡಿಕೆ ತೋಟದ ಕೂಲಿಯವರ ಮನೆಯಲ್ಲಿ ಅಜ್ಜ, ಅಜ್ಜಿ ಇಬ್ಬರಿಗೂ ಅಷ್ಟು ಹಣ ಹೊಂದಿಸುವುದು ಸುಲಭವಲ್ಲ.

ಠರಾವು ಮತ್ತು ಹಣ

ಮೊದಲ ಕೆಲಸ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಆಗಬೇಕು. ಶಿಬಿರ ನಡೆಸುವ ನಿರ್ಣಯದಲ್ಲಿ ದಿನ, ಸ್ಥಳ, ಫಲಾನುಭವಿಗಳ ಅಂದಾಜು ಸಂಖ್ಯೆ ಮತ್ತು ಹಣದ ಮೂಲ ಈ ನಾಲ್ಕೂ ಇರಬೇಕು. 'ಸೂಕ್ತ ಕ್ರಮ ಕೈಗೊಳ್ಳುವುದು' ಎಂದು ಬರೆದು ಮುಗಿಸಿದ ಠರಾವಿನಿಂದ ಯಾವ ಕೆಲಸವೂ ಆಗುವುದಿಲ್ಲ. ನಿರ್ಣಯದ ಪ್ರತಿಯೊಂದಿಗೆ ಪಿಡಿಒ ಅವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರಿಗೂ ತಾಲ್ಲೂಕು ಆರೋಗ್ಯಾಧಿಕಾರಿಯವರಿಗೂ ಪತ್ರ ಬರೆಯಬೇಕು. ಪಂಚಾಯಿತಿ ಜಾಗ, ಜನ, ಹಣ ಒದಗಿಸಬಹುದೇ ಹೊರತು, ಚುಚ್ಚುಮದ್ದಿನ ಹೊಣೆ ಪೂರ್ತಿಯಾಗಿ ವೈದ್ಯಾಧಿಕಾರಿಯವರದು. ಅವರು ಒಪ್ಪದೆ ದಿನಾಂಕ ಪ್ರಕಟಿಸುವುದು ಬೇಡ.

ಹಣದ ವಿಷಯದಲ್ಲಿ ಭ್ರಮೆ ಇರಬಾರದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ವರ್ಷಕ್ಕೆ 10,000 ರೂಪಾಯಿಯವರೆಗೆ ಮುಕ್ತ ನಿಧಿಯ ಅವಕಾಶವಿದೆ. ಶಾಮಿಯಾನ, ಜೀಪಿನ ಬಾಡಿಗೆ, ಕರಪತ್ರಕ್ಕೆ ಅದು ಸಾಕಾದೀತು, ಲಸಿಕೆಗೆ ಸಾಲದು. ಲಸಿಕೆಯ ಹಣ ಪಂಚಾಯಿತಿಯ ಸ್ವಂತ ಸಂಪನ್ಮೂಲ, ಊರಿನ ಸಹಕಾರ ಸಂಘಗಳ ಕೊಡುಗೆ ಅಥವಾ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಬರಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ವ್ಯಯಿಸಬೇಕು, ಆರೋಗ್ಯ ಅದರ ಪಟ್ಟಿಯಲ್ಲಿದೆ. ದಾನಿಗಳು ಯಾರೇ ಇರಲಿ, ಖರೀದಿ ಆರೋಗ್ಯ ಇಲಾಖೆಯ ಮೂಲಕ ಅಥವಾ ಅದರ ಒಪ್ಪಿಗೆಯೊಂದಿಗೆ ಆಗುವುದು ಕ್ಷೇಮ. ಪಂಚಾಯಿತಿಯೇ ಕೊಳ್ಳುವುದಾದರೆ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ.

ಪಟ್ಟಿ ಮೊದಲು, ಪೆಟ್ಟಿಗೆ ಆಮೇಲೆ

ಎಷ್ಟು ಡೋಸ್ ಬೇಕೆಂಬುದು ಗೊತ್ತಾಗುವ ಮುನ್ನ ಬೆಲೆ ವಿಚಾರಿಸಿ ಪ್ರಯೋಜನವಿಲ್ಲ. ಪಟ್ಟಿ ಮಾಡಲು ಹೊಸ ಸಮೀಕ್ಷೆ ಬೇಕಾಗಿಲ್ಲ. ಗರ್ಭಿಣಿಯರ ವಿವರ ತಾಯಿ ಕಾರ್ಡ್‌ನಲ್ಲಿದೆ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದವರ ವಿವರ ಸಮುದಾಯ ಆರೋಗ್ಯ ಅಧಿಕಾರಿಯವರ ಬಳಿ ಇದೆ, ದಮ್ಮು, ಹೃದಯದ ತೊಂದರೆ, ಮೂತ್ರಪಿಂಡದ ತೊಂದರೆ ಇರುವವರು ಯಾವ ಮನೆಯಲ್ಲಿದ್ದಾರೆಂಬುದು ಆಶಾ ಕಾರ್ಯಕರ್ತೆಯವರಿಗೆ ತಿಳಿದಿರುತ್ತದೆ. ಈ ಮೂರನ್ನೂ ಒಂದೆಡೆ ಸೇರಿಸಿ, ಒಂದೇ ಹೆಸರು ಎರಡು ಸಲ ಬಂದಿದ್ದರೆ ತೆಗೆದು, ಊರು ಊರಾಗಿ, ಕೇರಿ ಕೇರಿಯಾಗಿ ಬೇರ್ಪಡಿಸಿದರೆ ಪಟ್ಟಿ ಸಿದ್ಧ. ಹಣ ಕಡಿಮೆ ಬಿದ್ದರೆ ಯಾರು ಮೊದಲು ಎಂಬುದನ್ನು ಸಭೆಯಲ್ಲೇ ತೀರ್ಮಾನಿಸಿ ನೋಟಿಸ್ ಬೋರ್ಡಿಗೆ ಹಾಕಬೇಕು. ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಗರ್ಭಿಣಿಯರು ಹಾಗೂ ಕಾಯಿಲೆಯುಳ್ಳ ವೃದ್ಧರು ಮೊದಲ ಸಾಲಿನಲ್ಲಿರಬೇಕೆಂಬುದು ಈ ಲೇಖಕನ ಅಭಿಪ್ರಾಯ. ಸದಸ್ಯರ ಮನೆಯವರು ಮೊದಲು ಚುಚ್ಚಿಸಿಕೊಂಡು ಫೋಟೊ ತೆಗೆಸಿಕೊಂಡರೆ ಉಳಿದವರಿಗೆ ಧೈರ್ಯ ಬರುತ್ತದೆಂಬ ವಾದವನ್ನು ಹಲವು ಕಡೆ ಕೇಳಿದ್ದೇನೆ. ಡೋಸ್ ಎಣಿಸಿ ತಂದಿರುವ ಕಡೆ ಆ ಧೈರ್ಯ ದುಬಾರಿಯಾಗುತ್ತದೆ.

ಮಕ್ಕಳನ್ನು ಸೇರಿಸಿಕೊಳ್ಳುವುದಾದರೆ ಲೆಕ್ಕ ಬೇರೆಯಾಗುತ್ತದೆ. ಆರು ತಿಂಗಳಿನ ಕೆಳಗಿನ ಕೂಸುಗಳಿಗೆ ಈ ಲಸಿಕೆ ಇಲ್ಲ. ಆರು ತಿಂಗಳಿನಿಂದ ಒಂಬತ್ತು ವರ್ಷದೊಳಗಿನ ಮಕ್ಕಳು ಮೊದಲ ಸಲ ಪಡೆಯುತ್ತಿದ್ದರೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಮೇ ತಿಂಗಳಲ್ಲಿ ಮೊದಲ ಡೋಸ್ ಕೊಟ್ಟರೆ ಎರಡನೆಯದು ನೇರವಾಗಿ ಮೃಗಶಿರ ಮಳೆಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮಕ್ಕಳ ಮೊದಲ ಸುತ್ತನ್ನು ಏಪ್ರಿಲ್ ಆರಂಭದಲ್ಲೇ ಅಂಗನವಾಡಿಯಲ್ಲಿ ಮುಗಿಸಿ, ಎರಡನೆಯದನ್ನು ದೊಡ್ಡವರ ಶಿಬಿರದ ದಿನವೇ ಇಟ್ಟುಕೊಳ್ಳುವುದು ಜಾಣತನ.

ಪೆಟ್ಟಿಗೆಯ ಮೇಲಿನ ಬರಹ ಓದಿ

ಫ್ಲೂ ವೈರಾಣು ವರ್ಷ ವರ್ಷವೂ ರೂಪ ಬದಲಿಸುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ ಲಸಿಕೆಯ ತಳಿಗಳನ್ನು ಶಿಫಾರಸು ಮಾಡುತ್ತದೆ: ಫೆಬ್ರುವರಿಯಲ್ಲಿ ಉತ್ತರ ಗೋಲಾರ್ಧದ ಮುಂದಿನ ಚಳಿಗಾಲಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಲಾರ್ಧದ ಮುಂದಿನ ಋತುವಿಗೆ. ಭೂಪಟದಲ್ಲಿ ನಾವು ಉತ್ತರದವರೇ ಆದರೂ ಮಳೆಗಾಲಕ್ಕೆ ಮುಂಚೆ ಹಾಕಿಸುವ ಲಸಿಕೆಗೆ ದಕ್ಷಿಣ ಗೋಲಾರ್ಧದ ತಯಾರಿಕೆಯೇ ಹೊಂದುತ್ತದೆ. ಏಪ್ರಿಲ್ ಹೊತ್ತಿಗೆ ಹಿಂದಿನ ಚಳಿಗಾಲದ ದಾಸ್ತಾನನ್ನು ರಿಯಾಯಿತಿ ದರಕ್ಕೆ ಕೊಡಲು ಬರುವವರು ಇದ್ದಾರು. ಋತು, ವರ್ಷ, ಅವಧಿ ಮುಗಿಯುವ ದಿನಾಂಕ ಮೂರನ್ನೂ ಪೆಟ್ಟಿಗೆಯ ಮೇಲೆ ನೋಡಿಯೇ ಒಪ್ಪಬೇಕು. ಮೂರು ತಳಿಯ ಲಸಿಕೆ ನಾಲ್ಕು ತಳಿಯದಕ್ಕಿಂತ ಕಳಪೆಯೆಂದು ಭಾವಿಸಬೇಕಾಗಿಲ್ಲ. ನಾಲ್ಕನೆಯದಾಗಿದ್ದ ಬಿ ಯಮಗಾಟ ವಂಶದ ವೈರಾಣು 2020ರ ಮಾರ್ಚ್ ನಂತರ ಎಲ್ಲಿಯೂ ಖಚಿತವಾಗಿ ಪತ್ತೆಯಾಗಿಲ್ಲ.

ತಂಪು ಕೆಡದಂತೆ

ಶಿಬಿರಗಳು ಸೋಲುವುದು ಬಹುಪಾಲು ಇಲ್ಲಿಯೇ, ಅದೂ ಯಾರ ಕಣ್ಣಿಗೂ ಬೀಳದಂತೆ. ಫ್ಲೂ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಿಸಿಯಾದರೆ ಸತ್ವ ಕುಂದುತ್ತದೆ. ಹೆಪ್ಪುಗಟ್ಟಿದರಂತೂ ಎಸೆಯುವುದೊಂದೇ ದಾರಿ. ಬಿಸಿಲಿನ ಭಯ ಎಲ್ಲರಿಗೂ ಇರುತ್ತದೆ, ಮಂಜುಗಡ್ಡೆಯ ಭಯ ಯಾರಿಗೂ ಇರುವುದಿಲ್ಲ. ಘಟ್ಟದ ಅಂಚಿನ ಒಂದು ಊರಿನಲ್ಲಿ ನಾನು ಕಂಡ ಶಿಬಿರದಲ್ಲಿ, ಉತ್ಸಾಹಿ ಯುವಕರು ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್‌ಪ್ಯಾಕುಗಳ ನಡುವೆ ಲಸಿಕೆಯನ್ನು ಒತ್ತಿಟ್ಟು ತಂದಿದ್ದರು. ಪೆಟ್ಟಿಗೆ ತೆರೆದ ಆರೋಗ್ಯ ಸಹಾಯಕಿ ಒಂದು ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದವರೇ ಇಡೀ ಪೆಟ್ಟಿಗೆಯನ್ನು ಬದಿಗಿಟ್ಟರು. ಬೆಳಿಗ್ಗೆಯಿಂದ ಕಾದಿದ್ದವರು ಬರಿಗೈಯಲ್ಲಿ ಮನೆಗೆ ಹೋದರು.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಐಸ್‌ಪ್ಯಾಕನ್ನು ಫ್ರೀಜರಿನಿಂದ ಹೊರತೆಗೆದು ಮೇಜಿನ ಮೇಲಿಟ್ಟು, ಅದು ಬೆವರಿ, ಕಿವಿಯ ಬಳಿ ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯಬೇಕು. ಅಂಥ ನಾಲ್ಕು ಪ್ಯಾಕುಗಳಿರುವ ಲಸಿಕಾ ವಾಹಕ (ಲಸಿಕೆ ಒಯ್ಯುವ ತಂಪು ಪೆಟ್ಟಿಗೆ), ಮುಚ್ಚಳವನ್ನು ಪದೇ ಪದೇ ತೆಗೆಯದಿದ್ದರೆ, ಸುಮಾರು 12 ಗಂಟೆ ತಂಪು ಹಿಡಿದಿಡುತ್ತದೆ. ಹೊಸನಗರದ ಒಳನಾಡಿಗೋ, ಸಾಗರದ ಶರಾವತಿ ಹಿನ್ನೀರಿನಾಚೆಯ ಊರುಗಳಿಗೋ ಹೋಗಿ ಬರಲು ಅಷ್ಟು ಸಮಯ ಸಾಕು. ಆದರೆ ಸಿರಿಂಜಿನಲ್ಲೇ ತುಂಬಿ ಬರುವ ಫ್ಲೂ ಲಸಿಕೆ ಸಣ್ಣ ವೈಲ್‌ಗಳಿಗಿಂತ ಹೆಚ್ಚು ಜಾಗ ಹಿಡಿಯುತ್ತದೆಂಬುದನ್ನು ಮರೆಯಬಾರದು. ಮಕ್ಕಳ ಲಸಿಕೆಯ ಅಂದಾಜಿನಲ್ಲಿ ವಾಹಕಗಳನ್ನು ತಂದರೆ ಅರ್ಧ ಹೊರಗುಳಿಯುತ್ತದೆ.

ಶಿಬಿರದ ಹಿಂದಿನ ದಿನದವರೆಗೂ ದಾಸ್ತಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಗೆಂದೇ ಇರುವ ವಿಶೇಷ ಫ್ರಿಜ್ ಆದ ಐಎಲ್‌ಆರ್‌ನಲ್ಲೇ ಇರಬೇಕು. ಮಳೆಗಾಲಕ್ಕೆ ಮುಂಚಿನ ಗಾಳಿಗೆ ಮರ ಬಿದ್ದು ತಾಸುಗಟ್ಟಲೆ ಕರೆಂಟ್ ಹೋಗುವ ನಮ್ಮ ಸೀಮೆಯಲ್ಲಿ ಐಎಲ್‌ಆರ್ ಮುಚ್ಚಳ ತೆರೆಯದೆ ಬಿಟ್ಟರೆ ತಾಳಿಕೊಳ್ಳುತ್ತದೆ, ಮನೆಯ ಫ್ರಿಜ್ ತಾಳಿಕೊಳ್ಳುವುದಿಲ್ಲ. ಯಾರದೋ ಮನೆಯಲ್ಲಿ ಮಜ್ಜಿಗೆ, ಮೀನಿನ ಪಕ್ಕ ಲಸಿಕೆ ಇಡುವ ಸಲಹೆ ಬಂದರೆ ಸೌಜನ್ಯದಿಂದಲೇ ನಿರಾಕರಿಸಬೇಕು.

'ಇದು ಮಂಗನ ಕಾಯಿಲೆಗಾ?'

ಶಿವಮೊಗ್ಗ ಜಿಲ್ಲೆಯಲ್ಲಿ ಲಸಿಕೆಯೆಂದೊಡನೆ ಏಳುವ ಮೊದಲ ಪ್ರಶ್ನೆ ಇದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಕಾಯಿಲೆಗೆ ಇಲ್ಲಿನ ಜನ ವರ್ಷಗಟ್ಟಲೆ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲೂ ಕೆಲವರಿಗೆ ಕಾಯಿಲೆ ಬಂತು. ಪರಿಣಾಮ ಸಾಲದೆಂದು 2022ರಲ್ಲಿ ಅದರ ಬಳಕೆ ನಿಂತಿತು. ಆ ಅನುಭವ ಇರುವವರ ಮುಂದೆ 'ಈ ಸೂಜಿ ಚುಚ್ಚಿಸಿಕೊಂಡರೆ ಜ್ವರವೇ ಬಾರದು' ಎಂದರೆ, ಮುಂದಿನ ವರ್ಷ ಶಿಬಿರಕ್ಕೆ ಯಾರೂ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು: ಇದು ಫ್ಲೂಗೆ ಮಾತ್ರ, ನೆಗಡಿ, ಡೆಂಗಿ, ಇಲಿಜ್ವರ, ಮಂಗನ ಕಾಯಿಲೆ ಯಾವುದಕ್ಕೂ ಇದು ತಡೆಯಲ್ಲ, ತಳಿಗಳು ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಫ್ಲೂನಿಂದ ವೈದ್ಯರ ಬಳಿ ಹೋಗಬೇಕಾಗುವ ಸಂಭವವನ್ನು ಶೇ 40ರಿಂದ 60ರಷ್ಟು ತಗ್ಗಿಸುತ್ತದೆ, ಬಂದರೂ ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ, ಪ್ರತಿ ವರ್ಷ ಹಾಕಿಸಬೇಕು. ಒಳಗಿರುವುದು ಸತ್ತ ವೈರಾಣುವಿನ ಅಂಶವಾದ್ದರಿಂದ ಲಸಿಕೆಯಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು.

ಇದಕ್ಕೆ ಇನ್ನೊಂದು ಮುಖವಿದೆ, ಅದು ಹೆಚ್ಚು ಮುಖ್ಯ. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಅಂದರೆ ನಮ್ಮ ಶಿಬಿರ ಅದರ ಕೊನೆಯ ತಿಂಗಳಿನಲ್ಲೇ ನಡೆಯುತ್ತದೆ. ಕಾಡಿಗೆ ಸೌದೆಗೋ ತರಗೆಲೆಗೋ ಹೋಗಿ ಬಂದವರೊಬ್ಬರು ಜ್ವರ, ತಲೆನೋವು, ಮೈಕೈ ನೋವಿನೊಂದಿಗೆ ಸಾಲಿನಲ್ಲಿ ನಿಂತಿದ್ದರೆ ಅವರಿಗೆ ಚುಚ್ಚುಮದ್ದು ಕೊಟ್ಟು ಕಳುಹಿಸುವಂತಿಲ್ಲ, ಫ್ಲೂ ಎಂದು ಊಹಿಸುವಂತೆಯೂ ಇಲ್ಲ. ವೈದ್ಯಾಧಿಕಾರಿಯವರಿಗೆ ತೋರಿಸಿ ರಕ್ತದ ಮಾದರಿ ಪರೀಕ್ಷೆಗೆ ಹೋಗುವಂತೆ ನೋಡಿಕೊಳ್ಳಬೇಕು. ಮಂಗನ ಕಾಯಿಲೆ ಹರಡುವ ಉಣ್ಣೆ ಹುಳು (ಉಣುಗು) ಕಚ್ಚದಂತೆ ಕೈಕಾಲಿಗೆ ಹಚ್ಚುವ ಡೆಪಾ ತೈಲ ಕೇಂದ್ರದಲ್ಲಿ ಲಭ್ಯವಿದ್ದರೆ ಅಂದೇ ಹಂಚಬಹುದು; ಜನ ಒಂದೆಡೆ ಸೇರುವ ಅವಕಾಶ ಮತ್ತೆ ಬೇಗ ಸಿಗುವುದಿಲ್ಲ.

ಪ್ರಚಾರಕ್ಕೆ ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಸಂತೆ ಇದ್ದೇ ಇವೆ. ದಿನ ಗೊತ್ತು ಮಾಡುವಾಗ ಮಾತ್ರ ಮದುವೆಯ ಮುಹೂರ್ತಗಳನ್ನು ನೋಡಿಕೊಳ್ಳಿ. ಮೇ ತಿಂಗಳ ಒಳ್ಳೆಯ ಮುಹೂರ್ತದ ದಿನ ಊರಿಗೆ ಊರೇ ಖಾಲಿಯಾಗಿರುತ್ತದೆ.

ಶಿಬಿರದ ದಿನ

ಜಾಗ ನೆಲಮಟ್ಟದಲ್ಲಿರಬೇಕು, ಒಳಬರಲು ಮತ್ತು ಹೊರಹೋಗಲು ಬೇರೆ ಬೇರೆ ಬಾಗಿಲುಗಳಿರಬೇಕು, ಮೊಬೈಲ್ ಸಿಗ್ನಲ್ ಸಿಗುವಂತಿರಬೇಕು. ಕೊನೆಯದು ಸಣ್ಣ ಸಂಗತಿಯೆನಿಸಬಹುದು, ಆದರೆ 108ಕ್ಕೆ ಕರೆ ಮಾಡಲು ಗುಡ್ಡ ಹತ್ತಬೇಕಾದ ಊರುಗಳು ನಮ್ಮಲ್ಲಿ ಇನ್ನೂ ಇವೆ. ಮೊದಲ ಮೇಜಿನಲ್ಲಿ ಹೆಸರು, ಒಪ್ಪಿಗೆ ಪತ್ರ ಮತ್ತು ಮೂರು ಪ್ರಶ್ನೆಗಳು: ಇಂದು ಜ್ವರವಿದೆಯೇ, ಹಿಂದೆ ಯಾವುದಾದರೂ ಲಸಿಕೆಗೆ ತೀವ್ರ ಅಲರ್ಜಿ ಆಗಿತ್ತೇ, ಫ್ಲೂ ಲಸಿಕೆಯ ನಂತರ ಆರು ವಾರಗಳೊಳಗೆ ಕೈಕಾಲು ಸ್ವಾಧೀನ ತಪ್ಪಿದ್ದುಂಟೇ. ಇವುಗಳಲ್ಲಿ ಯಾವುದಕ್ಕಾದರೂ ಹೌದೆಂದರೆ ನಿರ್ಧಾರ ವೈದ್ಯರದು. ದೊಡ್ಡವರಿಗೆ ಅರ್ಧ ಮಿಲಿಲೀಟರ್, ತೋಳಿನ ಮೇಲ್ಭಾಗದ ಸ್ನಾಯುವಿಗೆ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಬೇಕು. ತೀವ್ರ ಅಲರ್ಜಿ ಅಪರೂಪವಾದರೂ ಆಗುವುದಾದರೆ ಬಹುಮಟ್ಟಿಗೆ ಆ ಹೊತ್ತಿನಲ್ಲೇ ಆಗುತ್ತದೆ, ಅಡ್ರಿನಲಿನ್ ವೈದ್ಯರ ಕೈಗೆಟುಕುವಂತಿರಬೇಕು. ಮನೆಗೆ ಹೊರಡುವ ಆತುರದ ಅಜ್ಜಂದಿರನ್ನು ಅರ್ಧ ಗಂಟೆ ಕೂರಿಸಲು ಉಪದೇಶಕ್ಕಿಂತ ಒಂದು ಲೋಟ ಪಾನಕ ಹೆಚ್ಚು ಕೆಲಸ ಮಾಡುತ್ತದೆ.

ಬಳಸಿದ ಸಿರಿಂಜಿನ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಚುಚ್ಚಿದರೂ ತೂತಾಗದ ಡಬ್ಬಿಗೆ ಹಾಕಿ, ಸಂಜೆ ಆರೋಗ್ಯ ಕೇಂದ್ರಕ್ಕೇ ಮರಳಿಸಬೇಕು. ಪಂಚಾಯಿತಿಯ ಕಸದ ವಾಹನಕ್ಕೆ ಅದು ಹೋಗಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದರ ದಾರಿ ಬೇರೆ.

ಪ್ರತಿಯೊಬ್ಬರ ಹೆಸರಿನ ಮುಂದೆ ಲಸಿಕೆಯ ಬ್ಯಾಚ್ ಸಂಖ್ಯೆ ಬರೆದ ರಿಜಿಸ್ಟರಿನ ಒಂದು ಪ್ರತಿ ಆರೋಗ್ಯ ಕೇಂದ್ರದಲ್ಲಿ, ಇನ್ನೊಂದು ಪಂಚಾಯಿತಿಯಲ್ಲಿ ಇರಲಿ. ಮರುದಿನ ಆಶಾ ಕಾರ್ಯಕರ್ತೆಯರು ಮನೆಗಳಿಗೆ ಹೋಗಿಯೋ ಫೋನ್ ಮಾಡಿಯೋ ವಿಚಾರಿಸಿ, ಅಸಹಜವಾದದ್ದೇನಾದರೂ ಕಂಡರೆ ವೈದ್ಯಾಧಿಕಾರಿಯವರಿಗೆ ತಿಳಿಸಬೇಕು. ಪಟ್ಟಿಯಲ್ಲಿದ್ದೂ ಬಾರದವರ ಹೆಸರುಗಳನ್ನು ಆ ವಾರವೇ ಬೇರೆ ಹಾಳೆಗೆ ಇಳಿಸಿ, ಉಳಿದ ಡೋಸ್‌ಗಳೊಂದಿಗೆ ಅವರ ಮನೆಗಳಿಗೇ ಹೋಗಿ ಬರುವ ಒಂದು ದಿನವನ್ನು ಗೊತ್ತು ಮಾಡಬೇಕು, ಅದೂ ರೋಹಿಣಿ ಮಳೆಗೆ ಮೊದಲು.