ಪತ್ರ ಮಡಚುವ ದೃಶ್ಯದಲ್ಲಿ ನಾನು ಕಲಿತದ್ದು

15 ವರ್ಷ ಬರೀ ನಾಟಕ ಮಾಡಿಕೊಂಡಿದ್ದವನು ನಾನು. ಮೊದಲ ಕಿರುಚಿತ್ರ ಮಾಡಿದಾಗ ನಿರ್ದೇಶನವೂ ನನ್ನದೇ, ಮುಖ್ಯ ಪಾತ್ರವೂ ನನ್ನದೇ. ಕ್ಯಾಮೆರಾ, ಲೈಟಿಂಗ್ ಬಗ್ಗೆ ಭಯ ಇತ್ತು. ನಟನೆ ಬಗ್ಗೆ ಇರಲಿಲ್ಲ. ಪೆಟ್ಟು ತಿಂದದ್ದು ಮಾತ್ರ ನಟನೆಯಲ್ಲೇ, ಅದೂ ಎಡಿಟಿಂಗ್‌ಗೆ ಕೂತ ಮೇಲೆ.

ಅಪ್ಪ ಮಗಳ ಪತ್ರ ಓದಿ, ಮಡಚಿ, ಜೇಬಿಗೆ ಇಟ್ಟುಕೊಳ್ಳುವ ದೃಶ್ಯ. ದೂರದಿಂದ ತೆಗೆದ ವೈಡ್ ಶಾಟ್‌ನಲ್ಲಿ 'ಬರಲ್ಲವಂತೆ' ಅನ್ನುವ ಮಾತಿಗೆ ಮುಂಚೆ ಪತ್ರ ಮಡಚಿದ್ದೆ. ಅದನ್ನೇ ಮತ್ತೆ ಹತ್ತಿರದಿಂದ ತೆಗೆದ ಕ್ಲೋಸಪ್‌ನಲ್ಲಿ ಮಾತಾದ ಮೇಲೆ. ಎರಡೂ ಚೆನ್ನಾಗಿದ್ದವು, ಆದರೆ ಒಂದಕ್ಕೊಂದು ಕೂಡಿಕೊಳ್ಳಲೇ ಇಲ್ಲ. ರಂಗದ ಮೇಲೆ ದಿನಕ್ಕೊಂದು ಥರ ಮಾಡುವುದರಲ್ಲೇ ಖುಷಿ, ಅಲ್ವಾ? ಇಲ್ಲಿ ಯಾವ ಮಾತಿಗೆ ಕೈ ಏಳುತ್ತದೆ ಅನ್ನುವುದು ಕೊನೇ ಟೇಕ್‌ವರೆಗೂ ನೆನಪಿರಬೇಕು. ಧ್ವನಿಯೂ ಅಷ್ಟೇ. ಮೈಕ್ ತಲೆ ಮೇಲೇ ಇದ್ದರೂ ಹಿಂದಿನ ಸಾಲಿಗೆ ಕೇಳುವ ಹಾಗೆ ಮಾತಾಡಿದ್ದೆ.

ಇದಕ್ಕಿಂತ ಜಾಸ್ತಿ ಕಾಡಿದ್ದು ಮೌನ. ಪತ್ರ ಓದಿ ನಾನು ಸುಮ್ನೆ ನಿಲ್ಲುತ್ತೇನೆ. ನಾಟಕದಲ್ಲಾದರೆ ಎಷ್ಟು ಹೊತ್ತು ನಿಲ್ಲಬೇಕು ಅಂತ ಪ್ರೇಕ್ಷಕರಿಂದಲೇ ತಿಳಿಯುತ್ತದೆ, ಕತ್ತಲಲ್ಲಿ ಕೆಮ್ಮು ನಿಂತು, ಕುರ್ಚಿ ಸದ್ದು ನಿಂತು, ಇನ್ನೇನು ಯಾರೋ ಒಬ್ಬರು ಮಿಸುಕಾಡಬೇಕು ಅನ್ನುವಷ್ಟರಲ್ಲಿ ಮಾತು ಎತ್ತಬೇಕು, ಅದು ಮೈಗೇ ಗೊತ್ತಾಗುತ್ತದೆ. ಸೆಟ್‌ನಲ್ಲಿ ಆ ಸುಳಿವು ಸಿಗುವುದಿಲ್ಲ. 6 ಸೆಕೆಂಡ್ ನಿಂತಿದ್ದೆ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಒಟ್ಟು 144. ನೋಡಿದರೆ ದೃಶ್ಯ ಅಲ್ಲೇ ಕುಸಿದು ಕೂರುತ್ತಿತ್ತು. 50 ಫ್ರೇಮ್ ಕತ್ತರಿಸಿದೆ. ವೇಗ ಬಂತು, ದುಃಖ ಹೋಯಿತು. ಎರಡು ದಿನ ಒದ್ದಾಡಿ, ಅಷ್ಟನ್ನೂ ವಾಪಸ್ ಸೇರಿಸಿ, ನಡುವೆ ಪತ್ರ ಹಿಡಿದ ಬೆರಳುಗಳ ಶಾಟ್ ಇಟ್ಟೆ. ಅಳತೆ ಅದೇ 6 ಸೆಕೆಂಡ್, ಈಗ ಉದ್ದ ಅನ್ನಿಸಲಿಲ್ಲ. ನೋಡುವವರಿಗೆ ಒಂದು ನಡುಗುವ ಬೆರಳು ಸಿಕ್ಕಿತ್ತು.

ಮುಂದಿನ ಚಿತ್ರಕ್ಕೆ ಇಡೀ ಸ್ಕ್ರಿಪ್ಟನ್ನು ಮೊದಲು ನಾಟಕದ ಥರ ಆರಂಭದಿಂದ ಕೊನೆಯವರೆಗೆ ತಾಲೀಮು ಮಾಡಿದೆವು. ಶೂಟಿಂಗ್‌ನಲ್ಲಿ ಮೊದಲ ದಿನವೇ ಕೊನೇ ದೃಶ್ಯ ಬರಬಹುದು, ಆಗ ಪಾತ್ರ ಅಲ್ಲಿಗೆ ಹೇಗೆ ಬಂತು ಅನ್ನುವುದು ಮೈಗೆ ನೆನಪಿರುತ್ತದೆ. ಪ್ರತಿ ಮಾತಿನ ಕೆಳಗೆ ಕೈ ಏನು ಮಾಡುತ್ತಿದೆ ಅಂತ ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ನಾನು ಕ್ಯಾಮೆರಾ ಮುಂದೆ ಇದ್ದಾಗ ಮಾನಿಟರ್ ಮುಂದೆ ತಂಡದ ಹಳೇ ಗೆಳತಿ ಕೂರುತ್ತಿದ್ದಳು. 'ಇನ್ನೊಂದು ಟೇಕ್' ಅಂತ ಅವಳು ಅಂದರೆ ಎದುರು ಮಾತಾಡದೆ ಇನ್ನೊಂದು ಮಾಡುತ್ತಿದ್ದೆ.